ಹೊಸ ವಿಂಡೋಸ್ ಹಾಕಿದ ಮೇಲೆ ಸದ್ದು ಏಕೆ ಬರುವುದಿಲ್ಲ? ಉತ್ತರ ಗ್ಯಾರಿ ಕಿಲ್ಡಾಲ್ ಬದುಕಿನಲ್ಲಿದೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ – ಬೆಳಗಾವಿ ಜಿಲ್ಲೆಯ ಈ ಊರುಗಳಲ್ಲಿ ಮನೆಗೆ ಕಂಪ್ಯೂಟರ್ ತರುವವರೆಲ್ಲ ಹೊಸದನ್ನೇ ತರುವುದಿಲ್ಲ. ಯಾವುದೋ ಕಚೇರಿಯಲ್ಲಿ ನಾಲ್ಕೈದು ವರ್ಷ ದುಡಿದು ಬಂದದ್ದು, ಬಿಡಿಭಾಗ ಕೊಂಡು ಜೋಡಿಸಿದ್ದು, ಅಣ್ಣನ ಓದು ಮುಗಿದ ಮೇಲೆ ತಂಗಿಯ ಕೈಗೆ ಬಂದ ಲ್ಯಾಪ್‌ಟಾಪ್ – ಇಂಥವೂ ಬೇಕಾದಷ್ಟಿವೆ. ಇವುಗಳಿಗೆ ಹೊಸದಾಗಿ ವಿಂಡೋಸ್ ಹಾಕಿದ ದಿನ ಒಂದು ವಿಚಿತ್ರ ಕಾಣಿಸಿಕೊಳ್ಳುತ್ತದೆ. ಯಂತ್ರ ಶುರುವಾಗುತ್ತದೆ, ಪರದೆಯೂ ಬೆಳಗುತ್ತದೆ. ಆದರೆ ಸದ್ದಿಲ್ಲ, ವೈಫೈ ಇಲ್ಲ, ಅಕ್ಷರಗಳು ಊದಿಕೊಂಡಂತೆ ಕಾಣುತ್ತವೆ. ಕೇಳಿದರೆ ಡ್ರೈವರ್ ಇಲ್ಲ ಎಂಬ ಉತ್ತರ ಸಿಗುತ್ತದೆ. ಕಂಪನಿಯ ಸೇವಾ ಕೇಂದ್ರಕ್ಕೇ ಹೋಗಬೇಕೆಂದರೆ ಬೆಳಗಾವಿಗೋ ಹುಬ್ಬಳ್ಳಿಗೋ ಬಸ್ಸು ಹತ್ತಬೇಕು. ರಾಮದುರ್ಗದವರಿಗೆ ಅದು ಇಡೀ ದಿನದ ಕೆಲಸ.

ಈ ಡ್ರೈವರ್ ಎಂದರೇನು? ಅಷ್ಟು ದೊಡ್ಡ ವಿಂಡೋಸ್ ಒಳಗೆ ಅದು ಮೊದಲೇ ಏಕೆ ಇರುವುದಿಲ್ಲ? ಅದನ್ನು ಎಲ್ಲಿಂದ ತರಬೇಕು? ಈ ಪ್ರಶ್ನೆಗಳ ಉತ್ತರ ಹುಡುಕುತ್ತ ಹೋದರೆ ನಾವು 1970ರ ದಶಕದ ಕ್ಯಾಲಿಫೋರ್ನಿಯಾ ತಲುಪುತ್ತೇವೆ, ಗ್ಯಾರಿ ಕಿಲ್ಡಾಲ್ ಎಂಬ ಮೇಷ್ಟರನ್ನು ಭೇಟಿಯಾಗುತ್ತೇವೆ. ಕಂಪ್ಯೂಟರ್ ಲೋಕದಲ್ಲಿ ಅವರ ಹೆಸರು ಪ್ರಸಿದ್ಧ. ಆದರೆ ಬಹಳ ಜನ ಅವರನ್ನು ನೆನೆಯುವುದು ಒಂದೇ ಕಾರಣಕ್ಕೆ: ಐಬಿಎಂ ಸಂಸ್ಥೆಯವರು ಕೋಟಿಗಳ ವ್ಯವಹಾರ ಹಿಡಿದುಕೊಂಡು ಬಾಗಿಲಿಗೆ ಬಂದಾಗ ಅವರು ವಿಮಾನ ಹಾರಿಸಲು ಹೋಗಿದ್ದರಂತೆ. ಈ ಕತೆಯಲ್ಲಿ ನಿಜ ಸ್ವಲ್ಪವೇ ಇದೆ. ಅವರು ನಿಜವಾಗಿ ಮಾಡಿದ ಕೆಲಸ ಮಾತ್ರ ಇಂದಿಗೂ ನಮ್ಮ ಮೇಜಿನ ಮೇಲಿದೆ.

ನೌಕಾಶಾಲೆಯ ಮನೆಯಿಂದ

ಗ್ಯಾರಿ ಕಿಲ್ಡಾಲ್ ಹುಟ್ಟಿದ್ದು 1942ರ ಮೇ 19ರಂದು, ಅಮೆರಿಕದ ಸಿಯಾಟಲ್ ನಗರದಲ್ಲಿ. ಹಡಗು ನಡೆಸುವ ವಿದ್ಯೆ ಕಲಿಸುವ ಶಾಲೆಯೊಂದನ್ನು ಅವರ ಕುಟುಂಬವೇ ನಡೆಸುತ್ತಿತ್ತು. ತರುಣ ಗ್ಯಾರಿ ಅಲ್ಲಿ ಪಾಠವನ್ನೂ ಹೇಳಿದರು. ಗಣಿತದ ಮೇಷ್ಟರಾಗಬೇಕೆಂದು ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದವರನ್ನು ಅಲ್ಲಿನ ಕಂಪ್ಯೂಟರ್ ಸೆಳೆದುಕೊಂಡಿತು. 1963ರಲ್ಲಿ ಡೊರೊಥಿ ಮೆಕ್‌ಈವನ್ ಅವರೊಂದಿಗೆ ಮದುವೆಯಾಯಿತು. ಆ ಕಾಲದಲ್ಲಿ ತರುಣರಿಗೆ ಸೇನಾ ಸೇವೆ ಕಡ್ಡಾಯವಾಗಿತ್ತು. ಕಿಲ್ಡಾಲ್ ನೌಕಾಪಡೆ ಸೇರಿ, ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿದ್ದ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸತೊಡಗಿದರು. 1972ರಲ್ಲಿ ಪಿಎಚ್‌.ಡಿ. ಮುಗಿಸಿದರು. ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವಾಗ ಅನಗತ್ಯ ಕೆಲಸಗಳನ್ನು ಪತ್ತೆಹಚ್ಚಿ ತೆಗೆದುಹಾಕುವ ವಿಧಾನವೊಂದನ್ನು 1973ರಲ್ಲಿ ಪ್ರಕಟಿಸಿದರು. ಅದು ಇಂದಿಗೂ ಕಂಪ್ಯೂಟರ್ ವಿಜ್ಞಾನದ ತರಗತಿಗಳಲ್ಲಿ ಪಾಠವಾಗಿದೆ.

ಆಗ ಕಂಪ್ಯೂಟರ್ ಎಂದರೆ ಒಂದು ಕೋಣೆ ತುಂಬುವ ಯಂತ್ರ. 1971ರಲ್ಲಿ ಇಂಟೆಲ್ ಸಂಸ್ಥೆ 4004 ಎಂಬ ಚಿಪ್ ಹೊರತಂದಿತು. ಉಗುರಿನಷ್ಟು ಜಾಗದಲ್ಲಿ ಲೆಕ್ಕ ಮಾಡುವ ಇಡೀ ಕೇಂದ್ರ ಘಟಕ ಅದರಲ್ಲಿತ್ತು. ಬಹುತೇಕರಿಗೆ ಅದು ಕ್ಯಾಲ್ಕುಲೇಟರಿನ ಬಿಡಿಭಾಗದಂತೆ ಕಂಡರೆ, ಕಿಲ್ಡಾಲರಿಗೆ ಪುಟ್ಟ ಕಂಪ್ಯೂಟರಾಗಿಯೇ ಕಂಡಿತು. ಒಂದನ್ನು ಕೊಂಡು ಅದಕ್ಕೆ ಪ್ರೋಗ್ರಾಂ ಬರೆಯಲು ಕೂತರು. ಮುಂದೆ ಇಂಟೆಲ್‌ಗೆ ಸಲಹೆಗಾರರಾಗಿ, ಇಂಥ ಚಿಪ್‌ಗಳಿಗೆಂದು ಪಿಎಲ್/ಎಂ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನೇ ರೂಪಿಸಿದರು.

ಆದರೆ ಆ ಭಾಷೆಯಲ್ಲಿ ಕೆಲಸ ಮಾಡಲು ದೊಡ್ಡ ಕಂಪ್ಯೂಟರೇ ಬೇಕಿತ್ತು. ಚಿಕ್ಕ ಯಂತ್ರದ ಕೆಲಸ ಚಿಕ್ಕ ಯಂತ್ರದಲ್ಲೇ ಆಗಬಾರದೇಕೆ? ಹಾಗಾಗಬೇಕಾದರೆ ಕಡತಗಳನ್ನು ಇಡಲು, ತೆಗೆಯಲು ಒಂದು ಉಗ್ರಾಣ ಬೇಕು. ಆ ಹೊತ್ತಿಗೆ ಫ್ಲಾಪಿ ಡಿಸ್ಕ್ ಬಂದಿತ್ತು. ಕಿಲ್ಡಾಲ್ ಒಂದು ಫ್ಲಾಪಿ ಡ್ರೈವ್ ತಂದಿಟ್ಟುಕೊಂಡರೂ ಅದನ್ನು ಚಿಪ್‌ಗೆ ಜೋಡಿಸುವ ಸರ್ಕಿಟ್ ಅವರಿಗೆ ಒಗ್ಗಲಿಲ್ಲ. ಗೆಳೆಯ ಜಾನ್ ಟೊರೋಡ್ ಆ ಸರ್ಕಿಟ್ ಮಾಡಿಕೊಟ್ಟರು, ಅದನ್ನು ನಡೆಸುವ ತಂತ್ರಾಂಶವನ್ನು ಕಿಲ್ಡಾಲ್ ಬರೆದರು. 1974ರಲ್ಲಿ ಅದು ಕೆಲಸ ಮಾಡತೊಡಗಿತು. ಅದರ ಹೆಸರು ಸಿಪಿ/ಎಂ. ಚಿಕ್ಕ ಕಂಪ್ಯೂಟರುಗಳಿಗೆಂದು ಬಂದ, ಎಲ್ಲೆಡೆ ಹರಡಿದ ಮೊದಲ ಆಪರೇಟಿಂಗ್ ಸಿಸ್ಟಂ ಇದು. ಇಂದು ನಮ್ಮ ವಿಂಡೋಸ್ ಯಂತ್ರದಲ್ಲಿ ಸಿ ಡ್ರೈವ್ ಎಂದು ಕಾಣುತ್ತದಲ್ಲ, ಡಿಸ್ಕ್‌ಗಳನ್ನು ಹೀಗೆ ಅಕ್ಷರಗಳಿಂದ ಕರೆಯುವ ರೂಢಿ ನಮಗೆ ಬಂದದ್ದು ಸಿಪಿ/ಎಂ ಮೂಲಕ. ಎ ಮತ್ತು ಬಿ ಫ್ಲಾಪಿಗಳ ಪಾಲಾಗಿದ್ದವು. ಫ್ಲಾಪಿಗಳು ಹೋದರೂ ಸಿ ಹಾಗೆಯೇ ಉಳಿಯಿತು.

ಯಂತ್ರಕ್ಕೊಂದು ಸಲ ಬರೆಯುವುದೇ?

ಕಿಲ್ಡಾಲ್ ಮತ್ತು ಡೊರೊಥಿ ಸೇರಿ ಕಟ್ಟಿದ ಕಂಪನಿಗೆ ಮುಂದೆ ಡಿಜಿಟಲ್ ರಿಸರ್ಚ್ ಎಂಬ ಹೆಸರು ನಿಂತಿತು. ಮಾಂಟೆರೆ ಪಕ್ಕದ ಪೆಸಿಫಿಕ್ ಗ್ರೋವ್ ಎಂಬ ಪುಟ್ಟ ಊರಿನಲ್ಲಿ ಅದರ ಕಚೇರಿ. ವ್ಯವಹಾರ ನೋಡಿಕೊಳ್ಳುತ್ತಿದ್ದವರು ಡೊರೊಥಿ.

1975ರ ನಂತರ ಅಮೆರಿಕದಲ್ಲಿ ಚಿಕ್ಕ ಕಂಪ್ಯೂಟರ್ ಮಾಡುವ ಕಂಪನಿಗಳು ಮಳೆಗಾಲದ ಅಣಬೆಯಂತೆ ಎದ್ದವು. ಎಲ್ಲರ ಒಳಗಿನ ಚಿಪ್ ಹೆಚ್ಚುಕಡಿಮೆ ಒಂದೇ ಬಗೆಯದು. ಆದರೆ ಡಿಸ್ಕ್ ಜೋಡಿಸುವ ಸರ್ಕಿಟ್, ಕೀಲಿಮಣೆ, ಪರದೆ, ಪ್ರಿಂಟರ್ – ಇವು ಒಬ್ಬೊಬ್ಬರದು ಒಂದೊಂದು ತರಹ. ಒಂದು ಯಂತ್ರಕ್ಕೆ ಬರೆದ ಸಿಪಿ/ಎಂ ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಇಮ್ಸಾಯ್ ಎಂಬ ಕಂಪನಿ ತನ್ನ ಯಂತ್ರಕ್ಕೂ ಸಿಪಿ/ಎಂ ಬೇಕೆಂದಾಗ ಕಿಲ್ಡಾಲರಿಗೆ ಈ ತೊಡಕು ಸ್ಪಷ್ಟವಾಯಿತು. ಹೊಸ ಯಂತ್ರ ಬಂದಾಗಲೆಲ್ಲ ಇಡೀ ವ್ಯವಸ್ಥೆಯನ್ನು ತಿದ್ದುತ್ತ ಕೂತರೆ ಅವರ ಆಯುಷ್ಯವೆಲ್ಲ ಅದಕ್ಕೇ ಹೋಗುತ್ತಿತ್ತು.

ಅವರು ಕಂಡುಕೊಂಡ ದಾರಿಯನ್ನು ತಿಳಿಯಲು ಬೈಲಹೊಂಗಲ, ಸವದತ್ತಿಯ ಹೊಲಗಳಲ್ಲಿ ಓಡಾಡುವ ಟ್ರ್ಯಾಕ್ಟರನ್ನು ನೆನೆಯೋಣ. ಉಳುವಾಗ ನೇಗಿಲು, ಹೆಂಟೆ ಒಡೆಯುವಾಗ ರೋಟಾವೇಟರ್, ಬಿತ್ತುವಾಗ ಕೂರಿಗೆ, ಸುಗ್ಗಿಯಲ್ಲಿ ಕಬ್ಬು ಹೇರುವ ಟ್ರೇಲರ್ – ಎಲ್ಲವನ್ನೂ ಅದೇ ಟ್ರ್ಯಾಕ್ಟರ್ ಎಳೆಯುತ್ತದೆ. ಸಲಕರಣೆ ಬದಲಾದಾಗ ಯಾರೂ ಎಂಜಿನ್ ಬಿಚ್ಚುವುದಿಲ್ಲ. ಹಿಂದಿನ ಕೊಂಡಿಗೆ ಸಿಕ್ಕಿಸಿದರೆ ಸಾಕು. ಆ ಕೊಂಡಿಯ ಅಳತೆ ಎಲ್ಲರಿಗೂ ಗೊತ್ತಿರುವಂಥದ್ದು. ಅದಕ್ಕೆ ಹೊಂದುವಂತೆ ಸಲಕರಣೆ ಮಾಡುವುದು ಟ್ರ್ಯಾಕ್ಟರ್ ಕಂಪನಿಯ ಕೆಲಸವಲ್ಲ, ಸಲಕರಣೆ ಮಾಡುವವರ ಕೆಲಸ.

ಕಿಲ್ಡಾಲ್ ಮಾಡಿದ್ದೂ ಇದನ್ನೇ. ಇಮ್ಸಾಯ್ ಜೊತೆ ಕೆಲಸ ಮಾಡುತ್ತಿದ್ದ ಗ್ಲೆನ್ ಯೂಯಿಂಗ್ ಅವರೊಡಗೂಡಿ ಸಿಪಿ/ಎಂ ಅನ್ನು ಪದರಗಳಾಗಿ ಬಿಡಿಸಿದರು. ನಾವು ಬೆರಳಚ್ಚಿಸಿದ ಆದೇಶವನ್ನು ಓದುವುದು ಮೇಲಿನ ಪದರ. ಕಡತಗಳ ಲೆಕ್ಕ ಇಡುವುದು ನಡುವಿನದು. ಇವೆರಡೂ ಎಲ್ಲ ಯಂತ್ರಗಳಲ್ಲೂ ಒಂದೇ. ಯಂತ್ರಾಂಶವನ್ನು ಮುಟ್ಟಿ ಮಾತಾಡಿಸುವ ಕೆಲಸ ಪೂರ್ತಿಯಾಗಿ ಕೆಳಗಿನ ಒಂದು ಸಣ್ಣ ಪದರಕ್ಕೆ ಸೇರಿತು. ಅದಕ್ಕೆ ಅವರಿಟ್ಟ ಹೆಸರು ಬಯಾಸ್. ಒಂದು ಅಕ್ಷರ ಓದು, ಒಂದು ಅಕ್ಷರ ತೋರಿಸು, ಡಿಸ್ಕ್‌ನ ಇಂಥ ಜಾಗಕ್ಕೆ ಹೋಗು, ಅಲ್ಲಿರುವುದನ್ನು ತಾ – ಬಯಾಸ್ ಮಾಡಬೇಕಿದ್ದುದು ಇಂಥ ಕೆಲಸಗಳನ್ನು. ಸಿಪಿ/ಎಂನ 2.2ನೇ ಆವೃತ್ತಿಯ ಹೊತ್ತಿಗೆ ಇವುಗಳ ಪಟ್ಟಿ 17 ಆಗಿತ್ತು. ಹೊಸ ಕಂಪ್ಯೂಟರ್ ಮಾಡಿದವರು ಈ 17 ಕೆಲಸಗಳನ್ನು ತಮ್ಮ ಯಂತ್ರಕ್ಕೆ ತಕ್ಕಂತೆ ಬರೆದುಕೊಂಡರೆ ಮುಗಿಯಿತು, ಮೇಲಿನದೆಲ್ಲ ತಾನಾಗಿ ನಡೆಯುತ್ತಿತ್ತು.

ಯಂತ್ರಾಂಶದ ಕೆಲಸವನ್ನು ಬೇರೆಯಾಗಿಸುವ ಆಲೋಚನೆ ದೊಡ್ಡ ಕಂಪ್ಯೂಟರುಗಳ ಲೋಕದಲ್ಲಿ ಮೊದಲೇ ಇತ್ತು. ಆದರೆ ಅಲ್ಲಿ ಯಂತ್ರ, ತಂತ್ರಾಂಶ ಎರಡನ್ನೂ ಸಾಮಾನ್ಯವಾಗಿ ಒಂದೇ ಕಂಪನಿ ಮಾಡುತ್ತಿತ್ತು. ಪರಸ್ಪರ ಪರಿಚಯವೇ ಇಲ್ಲದ ಕಂಪನಿಗಳ ಅಗ್ಗದ ಯಂತ್ರಗಳ ಮೇಲೆ ಒಂದೇ ತಂತ್ರಾಂಶ ನಡೆಯುವಂತೆ ಮಾಡಿದ್ದು ಕಿಲ್ಡಾಲರ ಸಾಧನೆ. 1981ರ ಹೊತ್ತಿಗೆ ಸಿಪಿ/ಎಂ ಸುಮಾರು 3,000 ಮಾದರಿಯ ಕಂಪ್ಯೂಟರುಗಳಲ್ಲಿ ಓಡುತ್ತಿತ್ತು. ಪತ್ರ ಬರೆಯುವ ವರ್ಡ್‌ಸ್ಟಾರ್, ಲೆಕ್ಕ ಇಡುವ ಡಿಬೇಸ್‌ನಂಥ ತಂತ್ರಾಂಶಗಳನ್ನು ಯಂತ್ರ ಯಾವುದೆಂದು ಹೆಚ್ಚು ತಲೆಕೆಡಿಸಿಕೊಳ್ಳದೆ ಮಾರುವುದು ಸಾಧ್ಯವಾದದ್ದು ಹೀಗೆ.

ನಮ್ಮ ಮೊದಲ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಯಂತ್ರಾಂಶದ ಒಳಗುಟ್ಟು ಗೊತ್ತಿರುವುದು ಅದನ್ನು ಮಾಡಿದವರಿಗೆ. ಆದ್ದರಿಂದ ಅದನ್ನು ಮಾತಾಡಿಸುವ ತಂತ್ರಾಂಶವನ್ನು ಅವರೇ ಬರೆಯಬೇಕು. ಇಂದಿನ ಡ್ರೈವರ್ ಎಂದರೆ ಅದೇ: ಒಂದು ನಿರ್ದಿಷ್ಟ ಸಾಧನಕ್ಕೂ ಆಪರೇಟಿಂಗ್ ಸಿಸ್ಟಂಗೂ ನಡುವಿನ ಕೊಂಡಿ.

ವಿಮಾನದ ಕತೆ ಎಷ್ಟು ನಿಜ?

1980ರಲ್ಲಿ ಐಬಿಎಂ ಗುಟ್ಟಾಗಿ ತನ್ನ ಪರ್ಸನಲ್ ಕಂಪ್ಯೂಟರ್ ತಯಾರಿಸುತ್ತಿತ್ತು. ಅದಕ್ಕೆ ಆಪರೇಟಿಂಗ್ ಸಿಸ್ಟಂ ಬೇಕಾಗಿ ಅದರ ಅಧಿಕಾರಿಗಳು ಪೆಸಿಫಿಕ್ ಗ್ರೋವ್‌ಗೆ ಬಂದರು. ಕಿಲ್ಡಾಲ್ ಆ ಬೆಳಿಗ್ಗೆ ತಮ್ಮ ವಿಮಾನದಲ್ಲಿ ಹೋಗಿದ್ದು ನಿಜ. ಆದರೆ ಮೋಜಿಗಲ್ಲ, ಸಹೋದ್ಯೋಗಿಯೊಬ್ಬರೊಂದಿಗೆ ಗ್ರಾಹಕರ ಕೆಲಸದ ಮೇಲೆ ಹೋಗಿದ್ದರು. ಒಪ್ಪಂದಗಳ ಮಾತುಕತೆ ಎಂದಿನಿಂದಲೂ ಡೊರೊಥಿಯವರದೇ ಜವಾಬ್ದಾರಿ. ಐಬಿಎಂ ಮೊದಲಿಗೇ ಮುಂದಿಟ್ಟ ಗೋಪ್ಯತೆಯ ಕರಾರುಪತ್ರ ಏಕಪಕ್ಷೀಯವಾಗಿದೆ ಎನಿಸಿ, ಅವರು ವಕೀಲರ ಸಲಹೆ ಪಡೆದು ಸಹಿ ಹಾಕಲು ಹಿಂಜರಿದರು. ಆ ಮಧ್ಯಾಹ್ನ ಏನಾಯಿತು ಎಂಬ ಬಗ್ಗೆ ಅಲ್ಲಿದ್ದವರ ನೆನಪುಗಳೇ ಒಂದಕ್ಕೊಂದು ಹೊಂದುವುದಿಲ್ಲ. ಒಪ್ಪಂದವಂತೂ ಕುದುರಲಿಲ್ಲ.

ಐಬಿಎಂ ಮೈಕ್ರೋಸಾಫ್ಟ್ ಕಡೆ ತಿರುಗಿತು. ಮೈಕ್ರೋಸಾಫ್ಟ್ ಬಳಿಯೂ ಸಿದ್ಧವಾದ ಆಪರೇಟಿಂಗ್ ಸಿಸ್ಟಂ ಇರಲಿಲ್ಲ. ಅದು ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಎಂಬ ಸಣ್ಣ ಕಂಪನಿಯಲ್ಲಿ ಟಿಮ್ ಪ್ಯಾಟರ್ಸನ್ ಬರೆದಿದ್ದ ವ್ಯವಸ್ಥೆಯೊಂದನ್ನು ಕೊಂಡುಕೊಂಡಿತು. ಇಂಟೆಲ್‌ನ 8086 ಎಂಬ ಹೊಸ ಚಿಪ್‌ಗೆ ಸಿಪಿ/ಎಂ ಬರುವುದು ತಡವಾಗಿದ್ದರಿಂದ ಪ್ಯಾಟರ್ಸನ್ ತಾವೇ ಒಂದನ್ನು ಬರೆದಿದ್ದರು. ಪ್ರೋಗ್ರಾಮುಗಳು ಅದನ್ನು ಕರೆಯುವ ರೀತಿ ಸಿಪಿ/ಎಂನದನ್ನೇ ಹೋಲುತ್ತಿತ್ತು. 1981ರ ಆಗಸ್ಟ್ 12ರಂದು ಐಬಿಎಂ ಪಿಸಿ ಬಿಡುಗಡೆಯಾದಾಗ ಅದರ ಜೊತೆ ಬಂದದ್ದು ಇದೇ ಡಾಸ್. ಕಿಲ್ಡಾಲ್ ಆಕ್ಷೇಪಿಸಿದ ಮೇಲೆ ಐಬಿಎಂ ಸಿಪಿ/ಎಂ ಅನ್ನೂ ಮಾರಲು ಒಪ್ಪಿತು. ಆದರೆ ಡಾಸ್‌ಗೆ 40 ಡಾಲರ್, ಸಿಪಿ/ಎಂಗೆ 240 ಡಾಲರ್ ಎಂದಾದಾಗ ಗ್ರಾಹಕರು ಯಾವುದನ್ನು ಕೊಂಡಿರಬಹುದು ಎಂದು ಹೇಳಬೇಕಾಗಿಲ್ಲ.

ಅಂದರೆ ಕಿಲ್ಡಾಲ್ ಹಿಂದೆ ಬಿದ್ದದ್ದು ಒಂದು ಬೆಳಗಿನ ವಿಮಾನಯಾನದಿಂದಲ್ಲ. ತಡವಾದ ಉತ್ಪನ್ನ, ಒಪ್ಪಿಗೆಯಾಗದ ಕರಾರು, ಆರು ಪಟ್ಟು ಬೆಲೆ – ಇವೆಲ್ಲ ಕೂಡಿ ಹಾಗಾಯಿತು. ಅವರ ವಿನ್ಯಾಸ ಮಾತ್ರ ಗೆದ್ದವರ ಮನೆಯಲ್ಲೂ ಮುಂದುವರಿಯಿತು. ಐಬಿಎಂ ತನ್ನ ಪಿಸಿಯೊಳಗಿನ ಚಿಪ್ ಒಂದರಲ್ಲಿ ಇಟ್ಟ ತಂತ್ರಾಂಶದ ಹೆಸರೂ ಬಯಾಸ್ ಎಂದೇ ಆಯಿತು. 1983ರಲ್ಲಿ ಬಂದ ಎಂಎಸ್-ಡಾಸ್ 2.0, ಹೊಸ ಸಾಧನದ ಡ್ರೈವರನ್ನು ಹೊರಗಿನಿಂದ ತಂದು ಸೇರಿಸುವ ಅವಕಾಶ ಕೊಟ್ಟಿತು.

ಪ್ರಿಂಟರುಗಳಿಂದ ಟಿವಿಯವರೆಗೆ

ಸೋತೆನೆಂದು ಕಿಲ್ಡಾಲ್ ಸುಮ್ಮನೆ ಕೂರಲಿಲ್ಲ. ಡಿಜಿಟಲ್ ರಿಸರ್ಚ್ ಹೊರತಂದ ಜಿಎಸ್‌ಎಕ್ಸ್ ಎಂಬ ತಂತ್ರಾಂಶ ಅದೇ ಕೊಂಡಿಯ ಉಪಾಯವನ್ನು ಚಿತ್ರಗಳಿಗೂ ವಿಸ್ತರಿಸಿತು. ಪ್ರೋಗ್ರಾಂ ಬರೆಯುವವರು ಗೆರೆ, ವೃತ್ತ ಎಂದಷ್ಟೇ ಹೇಳಿದರೆ ಸಾಕು. ಅದನ್ನು ಇಂಥ ಪರದೆಯ ಮೇಲೆ, ಇಂಥ ಪ್ರಿಂಟರಿನಲ್ಲಿ ಹೇಗೆ ಮೂಡಿಸಬೇಕೆಂಬುದು ಆಯಾ ಸಾಧನದ ಡ್ರೈವರಿಗೆ ಬಿಟ್ಟದ್ದು. ಇಂದು ನಾವು ಪ್ರಿಂಟ್ ಗುಂಡಿ ಒತ್ತಿದಾಗ ನಡೆಯುವುದೂ ಇದೇ ತತ್ವದ ಮೇಲೆ. 1985ರಲ್ಲಿ ಅವರ ಮತ್ತೊಂದು ಕಂಪನಿ ಇಡೀ ವಿಶ್ವಕೋಶವನ್ನು ಒಂದು ಸಿಡಿಯಲ್ಲಿ ತುಂಬಿಕೊಟ್ಟಿತು. ಅಮೆರಿಕದ ಟಿವಿಯಲ್ಲಿ ಬಂದ ಕಂಪ್ಯೂಟರ್ ಕ್ರಾನಿಕಲ್ಸ್ ಕಾರ್ಯಕ್ರಮದಲ್ಲಿ 1983ರಿಂದ 1990ರವರೆಗೆ ಸಹ ನಿರೂಪಕರಾಗಿ ಹೊಸ ಯಂತ್ರಗಳ ಒಳಹೊರಗನ್ನು ಸಾಮಾನ್ಯ ಜನರಿಗೆ ತಿಳಿಯುವಂತೆ ವಿವರಿಸಿದರು. ಮೇಷ್ಟರ ಗುಣ ಕೊನೆಯವರೆಗೂ ಅವರನ್ನು ಬಿಡಲಿಲ್ಲ.

ಮನೆಯ ಬದುಕು ಅಷ್ಟು ಸುಸೂತ್ರವಾಗಿರಲಿಲ್ಲ. 1983ರಲ್ಲಿ ಡೊರೊಥಿಯವರೊಂದಿಗೆ ವಿಚ್ಛೇದನವಾಯಿತು. 1991ರಲ್ಲಿ ಡಿಜಿಟಲ್ ರಿಸರ್ಚ್ ಅನ್ನು ನಾವೆಲ್ ಸಂಸ್ಥೆ ಕೊಂಡಿತು. ಹಣಕ್ಕೆ ಕೊರತೆಯಿರಲಿಲ್ಲ, ಆದರೆ ಹೋದಲ್ಲೆಲ್ಲ ಆ ವಿಮಾನದ ಕತೆ ಬೆನ್ನುಹತ್ತುತ್ತಿತ್ತು. ಕೊನೆಯ ವರ್ಷಗಳಲ್ಲಿ ಕುಡಿತವೂ ಅಂಟಿಕೊಂಡಿತು. 1994ರ ಜುಲೈನಲ್ಲಿ ಮಾಂಟೆರೆಯಲ್ಲಿ ತಲೆಗೆ ಪೆಟ್ಟಾಗಿ, ಮೂರು ದಿನಗಳ ನಂತರ ಜುಲೈ 11ರಂದು ತೀರಿಕೊಂಡರು. ಆಗ ಅವರಿಗೆ ಬರೀ 52 ವರ್ಷ. ಅವರು ಸಿಪಿ/ಎಂ ರೂಪಿಸಿದ್ದನ್ನು ನೆನೆದು 2014ರಲ್ಲಿ ಐಇಇಇ ಸಂಸ್ಥೆ ಪೆಸಿಫಿಕ್ ಗ್ರೋವ್‌ನಲ್ಲಿ ಡಿಜಿಟಲ್ ರಿಸರ್ಚ್‌ನ ಹಳೆಯ ಕಚೇರಿಯೆದುರು ಫಲಕ ಹಾಕಿದೆ.

ನಮ್ಮ ಯಂತ್ರಕ್ಕೆ ಡ್ರೈವರ್ ಹುಡುಕುವುದು ಹೇಗೆ?

ಸಾಧನ ಮಾಡಿದವರೇ ಡ್ರೈವರ್ ಬರೆಯುತ್ತಾರೆ ಎಂಬ ಒಂದು ಮಾತನ್ನು ನೆನಪಿಟ್ಟರೆ ಹುಡುಕಾಟ ಸುಲಭ. ವಿಂಡೋಸ್ ಹಾಕಿದ ಮೇಲೆ ಮೊದಲು ವಿಂಡೋಸ್ ಅಪ್‌ಡೇಟ್ ನಡೆಸಬೇಕು. ಅದರ ಸುಧಾರಿತ ಆಯ್ಕೆಗಳಲ್ಲಿ ಐಚ್ಛಿಕ ಅಪ್‌ಡೇಟ್‌ಗಳು ಎಂಬಲ್ಲೂ ಡ್ರೈವರುಗಳು ಕಾದಿರುತ್ತವೆ. ಬಹುಪಾಲು ಯಂತ್ರಗಳ ಸಮಸ್ಯೆ ಇಷ್ಟಕ್ಕೇ ಮುಗಿಯುತ್ತದೆ. ವೈಫೈ ಡ್ರೈವರೇ ಇಲ್ಲದಿದ್ದರೆ ಇಂಟರ್‌ನೆಟ್ ಎಲ್ಲಿಂದ ಬರಬೇಕು? ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಚಾಲೂ ಮಾಡಿದರೆ ಸಾಮಾನ್ಯವಾಗಿ ಯಂತ್ರಕ್ಕೆ ಸಂಪರ್ಕ ಸಿಗುತ್ತದೆ. ಇಲ್ಲವಾದರೆ ಬೇರೆ ಕಂಪ್ಯೂಟರಿನಲ್ಲಿ ಡ್ರೈವರ್ ಇಳಿಸಿಕೊಂಡು ಪೆನ್ ಡ್ರೈವ್‌ನಲ್ಲಿ ತರಬಹುದು.

ಆಮೇಲೂ ಏನಾದರೂ ಉಳಿದರೆ ಲ್ಯಾಪ್‌ಟಾಪ್ ಕೆಳಗಿನ ಚೀಟಿಯಲ್ಲಿರುವ ಮಾದರಿ ಸಂಖ್ಯೆ ನೋಡಿಕೊಂಡು ತಯಾರಕರ ಅಧಿಕೃತ ಜಾಲತಾಣಕ್ಕೆ ಹೋಗಬೇಕು. ಜೋಡಿಸಿದ ಯಂತ್ರವಾದರೆ ಮದರ್‌ಬೋರ್ಡಿನ ಮೇಲೆ ಅಚ್ಚಾಗಿರುವ ಹೆಸರು ಬೇಕು. ನಮ್ಮ ವಿಂಡೋಸ್ ಎಷ್ಟನೆಯದು, 32-ಬಿಟ್ಟೋ 64-ಬಿಟ್ಟೋ ಎಂಬುದೂ ಗೊತ್ತಿರಬೇಕು. 32-ಬಿಟ್‌ನ ಡ್ರೈವರ್ 64-ಬಿಟ್‌ಗೆ ಆಗುವುದಿಲ್ಲ.

ಸಾಧನ ಯಾವುದೆಂದೇ ತಿಳಿಯದಿದ್ದರೆ? ಡಿವೈಸ್ ಮ್ಯಾನೇಜರ್ ತೆರೆದರೆ ಡ್ರೈವರಿಲ್ಲದ ಸಾಧನದ ಪಕ್ಕ ಹಳದಿ ಗುರುತು ಕಾಣುತ್ತದೆ. ಅದರ ಪ್ರಾಪರ್ಟೀಸ್‌ನ ಡೀಟೇಲ್ಸ್ ಭಾಗದಲ್ಲಿ ಹಾರ್ಡ್‌ವೇರ್ ಐಡಿ ಇರುತ್ತದೆ. ಅದರಲ್ಲಿ ಮುಖ್ಯವಾದವು ಎರಡು: ತಯಾರಕರ ಗುರುತು, ಸಾಧನದ ಗುರುತು. ತಯಾರಕರ ಜಾಗದಲ್ಲಿ 8086 ಎಂದಿದ್ದರೆ ಅದು ಇಂಟೆಲ್‌ನದು. ಪ್ಯಾಟರ್ಸನ್ ಡಾಸ್ ಬರೆದದ್ದು ಯಾವ ಚಿಪ್‌ಗೋ ಅದರ ಸಂಖ್ಯೆಯನ್ನೇ ಇಂಟೆಲ್ ತನ್ನ ಗುರುತಾಗಿಸಿಕೊಂಡಿದೆ. ಈ ಎರಡು ಗುರುತುಗಳಿಂದ ಹುಡುಕಿದರೆ ಸಾಧನದ ಹೆಸರು ಸಿಗುತ್ತದೆ. ಹೆಸರು ಸಿಕ್ಕ ಮೇಲೆ ತಯಾರಕರ ತಾಣಕ್ಕೇ ಹೋಗಿ.

ಹೊಸದಾದರೆ ಒಳ್ಳೆಯದೇ?

ಡ್ರೈವರ್ ಬಗ್ಗೆ ಚಾಲ್ತಿಯಲ್ಲಿರುವ ದೊಡ್ಡ ತಪ್ಪುಕಲ್ಪನೆ ಎಂದರೆ ಅದನ್ನು ಆಗಾಗ ಹೊಸದಾಗಿಸಿದರೆ ಯಂತ್ರ ಚುರುಕಾಗುತ್ತದೆ ಎಂಬುದು. ನಿಮ್ಮ ಇಷ್ಟು ಡ್ರೈವರುಗಳು ಹಳತಾಗಿವೆ, ಹಣ ಕೊಟ್ಟು ಸರಿಪಡಿಸಿಕೊಳ್ಳಿ ಎಂದು ಕೆಂಪಕ್ಷರದಲ್ಲಿ ಹೆದರಿಸುವ ತಂತ್ರಾಂಶಗಳು ಬದುಕಿರುವುದು ಈ ನಂಬಿಕೆಯ ಮೇಲೆ. ಅವು ತೋರಿಸುವ ದಿನಾಂಕವನ್ನೇ ನೋಡಿ. ವಿಂಡೋಸ್ ಜೊತೆಗೇ ಬರುವ ಎಷ್ಟೋ ಡ್ರೈವರುಗಳ ಮೇಲೆ 2006ರ ಜೂನ್ 21 ಎಂಬ ದಿನಾಂಕವಿರುತ್ತದೆ. ಅವು ನಿಜಕ್ಕೂ ಅಷ್ಟು ಹಳೆಯವಲ್ಲ. ತಯಾರಕರು ಕೊಟ್ಟ ಡ್ರೈವರ್ ಇದ್ದರೆ ಯಂತ್ರ ಅದನ್ನೇ ಆರಿಸಿಕೊಳ್ಳಲಿ ಎಂದು ಮೈಕ್ರೋಸಾಫ್ಟ್ ಬೇಕೆಂದೇ ಹಳೆಯ ದಿನಾಂಕ ಇಟ್ಟಿದೆ. ಇಂಟೆಲ್‌ನ ಕೆಲವು ಚಿಪ್‌ಸೆಟ್ ಕಡತಗಳ ಮೇಲಂತೂ 1968ರ ಜುಲೈ 18 ಎಂದಿರುತ್ತದೆ. ಅದು ಆ ಕಂಪನಿ ಹುಟ್ಟಿದ ದಿನ!

ಸದ್ದು, ಪರದೆ, ವೈಫೈ, ಪ್ರಿಂಟರ್ ಎಲ್ಲ ಸರಿಯಾಗಿದ್ದರೆ ಡ್ರೈವರಿಗಾಗಿ ಅಲೆಯಬೇಕಿಲ್ಲ. ಸುರಕ್ಷತೆಗೆ ಬೇಕಾದವು ವಿಂಡೋಸ್ ಅಪ್‌ಡೇಟ್ ಮೂಲಕ ಬರುತ್ತವೆ. ಹೊಸ ಆಟಗಳನ್ನು ಆಡುವವರಿಗೆ ಗ್ರಾಫಿಕ್ಸ್ ಡ್ರೈವರ್ ಹೊಸದಾದರೆ ಲಾಭವಿದೆ. ಡ್ರೈವರ್ ಆಪರೇಟಿಂಗ್ ಸಿಸ್ಟಂನ ಒಳಮನೆಯಲ್ಲಿ ಕೆಲಸ ಮಾಡುವಂಥದ್ದು. ಸಾಮಾನ್ಯ ಪ್ರೋಗ್ರಾಂ ಕೆಟ್ಟರೆ ಅದೊಂದೇ ಮುಚ್ಚುತ್ತದೆ, ಡ್ರೈವರ್ ಕೆಟ್ಟರೆ ನೀಲಿ ಪರದೆ ಬಂದು ಇಡೀ ಯಂತ್ರ ನಿಲ್ಲಬಹುದು. ಅಪರಿಚಿತ ತಾಣದಿಂದ ತಂದ ಡ್ರೈವರ್ ಎಂದರೆ ಅಪರಿಚಿತರ ಕೈಗೆ ಮನೆಯ ಬೀಗದ ಕೈ ಕೊಟ್ಟಂತೆ. ಹಾಕುವ ಮೊದಲು ರೀಸ್ಟೋರ್ ಪಾಯಿಂಟ್ ಮಾಡಿಟ್ಟುಕೊಳ್ಳಿ. ಹೊಸದು ತೊಂದರೆ ಕೊಟ್ಟರೆ ಡಿವೈಸ್ ಮ್ಯಾನೇಜರಿನಲ್ಲೇ ರೋಲ್ ಬ್ಯಾಕ್ ಡ್ರೈವರ್ ಎಂಬ ಗುಂಡಿಯಿದೆ, ಅದು ಹಳೆಯದನ್ನು ಮರಳಿ ತರುತ್ತದೆ.

ಕೆಲವೊಮ್ಮೆ ಎಷ್ಟು ಹುಡುಕಿದರೂ ಡ್ರೈವರ್ ಸಿಗುವುದಿಲ್ಲ. ಹತ್ತು ಹದಿನೈದು ವರ್ಷದ ಪ್ರಿಂಟರಿಗೆ ಹೊಸ ವಿಂಡೋಸ್‌ನ ಡ್ರೈವರನ್ನು ತಯಾರಕರು ಬರೆಯದೇ ಬಿಟ್ಟಿರಬಹುದು. ಪ್ರಿಂಟರ್ ಕೆಟ್ಟಿಲ್ಲ, ಕೊಂಡಿ ಇಲ್ಲ ಅಷ್ಟೆ. ಗುಜರಿಗೆ ಹಾಕುವ ಮೊದಲು ಲಿನಕ್ಸ್‌ನಲ್ಲಿ ಪ್ರಯತ್ನಿಸಬಹುದು. ಅಲ್ಲಿ ಹಳೆಯ ಸಾಧನಗಳ ಎಷ್ಟೋ ಡ್ರೈವರುಗಳು ವ್ಯವಸ್ಥೆಯ ಜೊತೆಗೇ ಬರುತ್ತವೆ.

ಕೊನೆಯದಾಗಿ, ಡ್ರೈವರ್ ಹುಡುಕುವಾಗ ತಯಾರಕರ ತಾಣದಲ್ಲಿ ಬಯಾಸ್ ಅಪ್‌ಡೇಟ್ ಎಂಬುದೂ ಕಾಣುತ್ತದೆ. ತಂತ್ರಜ್ಞಾನ ಬದಲಾಗಿ ಅದು ಈಗ ಯುಇಎಫ್‌ಐ ಆಗಿದ್ದರೂ ಕಿಲ್ಡಾಲರ ಕಾಲದ ಹೆಸರು ಹೋಗಿಲ್ಲ. ಇದು ಡ್ರೈವರ್ ಹಾಕಿದಷ್ಟು ಹಗುರದ ಕೆಲಸವಲ್ಲ. ನಡುವೆ ಕರೆಂಟ್ ಹೋದರೆ ಯಂತ್ರ ಮತ್ತೆ ಶುರುವಾಗದೇ ಹೋಗಬಹುದು. ಅಗತ್ಯವಿದ್ದರೆ ಮಾತ್ರ, ಲ್ಯಾಪ್‌ಟಾಪ್ ಬ್ಯಾಟರಿ ತುಂಬಿದ್ದು ಚಾರ್ಜರೂ ಜೋಡಿಸಿರುವಾಗ, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರುವಾಗ ಮಾಡಿ. ಗುಡುಗು ಸಿಡಿಲಿನ ಸಂಜೆ ಬೇಡವೇ ಬೇಡ.